ಓಲೆಯ ಊರು ಹುಡುಕ್ಕೊಂಡು: ವಿಸ್ಕಾನ್ಸಿನ್‌ನಿಂದ ನಾರ್ವೇವರೆಗೆ ಎಂಟು ದಿನ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿರೋ ಮಗಳ ಮನೆ ಬಾಗಿಲು ದಾಟಿದ ತಕ್ಷಣ ಒಂದು ಹಳೇ ಮರದ ಪೆಟ್ಟಿಗೆ ಇದೆ. ಮ್ಯಾಡಿಸನ್‌ಗೆ ಹೋದಾಗೆಲ್ಲ ನಾನು ಅದರ ಮೇಲೆ ಕೂತೇ ಶೂ ಹಾಕ್ಕೊಳ್ಳೋದು, ಪೆಟ್ಟಿಗೆ ಒಳಗೂ ಶೂಗಳೇ. ಮುಚ್ಚಳದ ಮೇಲೆ ಮಾಸಿದ ಕೆಂಪು ನೀಲಿ ಹೂಬಳ್ಳಿ, ನಡುವೆ ಓ. ಎಲ್. ಎಸ್. ಅಂತ ಮೂರಕ್ಷರ, ಕೆಳಗೆ 1861. ನಮ್ಮ ಅಳಿಯನ ಮುತ್ತಾತನ ತಾತ ನಾರ್ವೇಯಿಂದ ಬರುವಾಗ ಹೊತ್ಕೊಂಡು ಬಂದಿದ್ದಂತೆ. ಆದ್ರೆ ಅವರ ಮನೆತನದ ಹೆಸರು ಎಸ್ ಇಂದ ಶುರುವಾಗಲ್ಲ, ಹಂಗಾದ್ರೆ ಆ ಎಸ್ ಯಾರು ಅಂತ ಮೂರು ತಲೆಮಾರಿಂದ ಚರ್ಚೆ ನಡೀತಾ ಇದೆ. ಅಳಿಯನ ಸೋದರತ್ತೆ ಒಬ್ರು ಇದು ಬೇರೆ ಯಾರದೋ ಪೆಟ್ಟಿಗೆ, ನಮ್ಮಜ್ಜ ಹಡಗಲ್ಲಿ ಎತ್ಕೊಂಡು ಬಂದಿರಬೇಕು ಅಂತ ಕೇಸೇ ಕ್ಲೋಸ್ ಮಾಡಿಬಿಟ್ಟಿದ್ರು.

ನಾನು ತಾಲ್ಲೂಕು ಆಫೀಸಿನ ರೆಕಾರ್ಡ್ ರೂಮಲ್ಲಿ 31 ವರ್ಷ ಧೂಳು ಕುಡಿದವನು. ಪಹಣಿ, ಮ್ಯುಟೇಶನ್ನು, ಶಾನುಭೋಗರ ಕಾಲದ ಮೋಡಿ ಅಕ್ಷರ ಅಂದ್ರೆ ನನಗೆ ಈಗಲೂ ಕೈ ಕಡಿಯುತ್ತೆ. ಹಂಗಾಗಿ ಈ ಜೂನ್‌ನಲ್ಲಿ ನಾವಿಬ್ರೂ ಅಮೆರಿಕಕ್ಕೆ ಹೋದಾಗ ಅಳಿಯ "ಮಾವ, ನಮ್ಮಜ್ಜನ ಊರು ಹುಡುಕೋಕೆ ಹೋಗ್ತಿದೀನಿ, ನೀವೂ ಬನ್ನಿ" ಅಂದಾಗ ನಾನು ಕಾಫಿ ಲೋಟ ಕೆಳಗಿಡೋಕೆ ಮುಂಚೆ ಹೂಂ ಅಂದಿದ್ದೆ. ಮಗಳಿಗೆ ರಜೆ ಸಿಗಲಿಲ್ಲ, ಹೋಗಿದ್ದು ಅಳಿಯ, ನಾನು, ನಮ್ಮ ಮನೆಯವಳು. ಅಳಿಯಂದ್ರು ಅಂದ್ರೆ ಬಹುವಚನ ಹಚ್ಚಬೇಕು ಅಂತ ನಮ್ಮ ಕಡೆ ಪದ್ಧತಿ, ಆದ್ರೆ ಅವನೇ ಅರ್ಧಂಬರ್ಧ ಕನ್ನಡದಲ್ಲಿ "ನನಗೆ ನೀನು ಅನ್ನಿ" ಅಂತ ಹೇಳಿದಾನೆ, ಆದ್ರಿಂದ ಇಲ್ಲಿ ಅವನು ಇವನು ಅಂತಲೇ ಬರೀತೀನಿ. ಮನೆತನದ ಹೆಸರು ಎಲ್ಲೂ ಹಾಕಬೇಡಿ ಅಪ್ಪ ಅಂತ ಮಗಳ ಆರ್ಡರ್ ಆಗಿದೆ. ಪೆಟ್ಟಿಗೆ ತಂದ ಅಜ್ಜನ್ನ ಬರೀ ಓಲೆ ಅಂತೀನಿ. ಆ ಕಾಲದ ನಾರ್ವೇಲಿ ಓಲೆ ಅಂದ್ರೆ ನಮ್ಮ ಕಡೆ ನಂಜುಂಡ ಇದ್ದಂಗೆ, ಬೀದಿಗೆ ನಾಲ್ಕು ಜನ.

ಮೊದಲನೇ ದಿನ: ಮ್ಯಾಡಿಸನ್

ಊರೊಳಗೇ ಕೆಲಸ. ಕ್ಯಾಪಿಟಲ್ ಬಿಲ್ಡಿಂಗ್ (ಅಲ್ಲಿನ ವಿಧಾನಸೌಧ) ಹತ್ರ ನಾರ್ವೇಯನ್ ಅಮೆರಿಕನ್ನರ ವಂಶಾವಳಿಗೆ ಅಂತಲೇ ಒಂದು ಸೆಂಟರ್ ಇದೆ, ನೇಸೆತ್ ಲೈಬ್ರರಿ ಅಂತ. ಗೆರ್‌ಹಾರ್ಡ್ ನೇಸೆತ್ ಅಂತ ಯೂನಿವರ್ಸಿಟಿ ಲೈಬ್ರೇರಿಯನ್ ಒಬ್ರು ಇದ್ರಂತೆ, 1825ರಿಂದ 1850ರೊಳಗೆ ನಾರ್ವೇಯಿಂದ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಪಟ್ಟಿ ಮಾಡೋಕೆ ಕೂತ ಪುಣ್ಯಾತ್ಮ. 1825 ಯಾಕೆ ಅಂದ್ರೆ ಆ ವರ್ಷ ಜುಲೈ 4ಕ್ಕೆ ಸ್ಟವಾಂಗರ್ ಊರಿಂದ ರೆಸ್ಟೊರೇಷನ್ ಅನ್ನೋ ಪುಟ್ಟ ಹಡಗು 52 ಜನರನ್ನ ಹತ್ತಿಸ್ಕೊಂಡು ಹೊರಟಿತು, ಅಕ್ಟೋಬರ್ 9ಕ್ಕೆ ನ್ಯೂಯಾರ್ಕ್ ಮುಟ್ಟಿದಾಗ ಲೆಕ್ಕ 53, ದಾರೀಲಿ ಒಂದು ಮಗು ಹುಟ್ಟಿತ್ತು. ಅಲ್ಲಿಂದ ಒಂದು ನೂರು ವರ್ಷದಲ್ಲಿ 8 ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ರು.

ಹೋಗೋಕೆ ಮುಂಚೆ ಫೋನ್ ಮಾಡಿ ಟೈಮ್ ತಗೊಂಡು, ಗೊತ್ತಿರೋ ಹೆಸರು ತಾರೀಕೆಲ್ಲ ಒಂದು ಹಾಳೇಲಿ ಬರ್ಕೊಂಡು ಹೋದ್ರೆ ಒಳ್ಳೇದು. ಅಳಿಯ ಎಲ್ಲ ಫೋನಲ್ಲಿದೆ ಅಂತ ಬಂದು, ಅಲ್ಲಿ ಫೋಟೋ ಹುಡುಕೋದ್ರಲ್ಲೇ ಅರ್ಧ ಗಂಟೆ ಕಳೆದ. ಪೆಟ್ಟಿಗೆ ಫೋಟೋ ತೋರಿಸಿದ್ದೇ ತಡ ಅಲ್ಲಿದ್ದ ವಯಸ್ಸಾದಮ್ಮ "ಉಫ್ ಡಾ" ಅಂತ ನಕ್ಕರು (ನಮ್ಮ ಅಯ್ಯಯ್ಯೋ ಥರ, ಅಲ್ಲೆಲ್ಲ ಮಾತಿಗೊಂದು ಉಫ್ ಡಾ). ಎಸ್ ಅಂದ್ರೆ ಯಾರೂ ಅಲ್ಲ. ಎಸ್ ಅಂದ್ರೆ ಮಗ. ಓಲೆ, ಲಾರ್ಸ್, ಮಗ. ಲಾರ್ಸನ ಮಗ ಓಲೆ. ಹೆಂಗಸಿನ ಪೆಟ್ಟಿಗೆ ಆಗಿದ್ರೆ ಕೊನೇಲಿ ಡಿ ಇರ್ತಿತ್ತು, ಮಗಳು ಅಂತ.

ಆಮೇಲೆ ಆಯಮ್ಮ ಹೇಳಿದ್ದನ್ನ ಕೇಳಿ ನನಗೆ ಕುರ್ಚಿ ಮೇಲೆ ಕೂರೋಕಾಗಲಿಲ್ಲ. ಹಳ್ಳಿ ಕಡೆ ಮನೆತನದ ಹೆಸರು ಅನ್ನೋದೇ ಇರಲಿಲ್ಲವಂತೆ. ಮೊದಲು ತನ್ನ ಹೆಸರು, ಆಮೇಲೆ ಅಪ್ಪನ ಹೆಸರು, ಆಮೇಲೆ ಇರೋ ಜಮೀನಿನ ಹೆಸರು. ಜಮೀನು ಬದಲಾದ್ರೆ ಹೆಸರೂ ಬದಲು, ಅದು ಅಡ್ರೆಸ್ ಇದ್ದಂಗೆ. ಮದುವೆ ಆದ ಹೆಣ್ಣು ಸಾಯೋತನಕ ಅಪ್ಪನ ಮಗಳಾಗೇ ದಾಖಲೇಲಿರ್ತಾಳೆ. ಎಲ್ಲರೂ ಒಂದು ಖಾಯಂ ಮನೆತನದ ಹೆಸರು ಇಟ್ಕೊಳ್ಳಬೇಕು ಅಂತ ಕಾನೂನು ಬಂದಿದ್ದೇ 1923ರಲ್ಲಿ. ಅಲ್ಲಾ, ನಮ್ಮದೂ ಇದೇ ಅಲ್ವಾ, ತಲೆಕೆಳಗು ಅಷ್ಟೇ! ಊರು, ಅಪ್ಪ, ಆಮೇಲೆ ನಾವು. ನನ್ನ ಮೊದಲನೇ ಇನಿಶಿಯಲ್ಲು ಊರಿನದು, ಎರಡನೇದು ಅಪ್ಪನದು. ವೀಸಾ ಫಾರಂನಲ್ಲಿ ಸರ್‌ನೇಮ್ ಕಾಲಂ ತುಂಬೋವಾಗ ಒದ್ದಾಡಿ ಕೊನೆಗೆ ಊರ ಹೆಸರೇ ಬರೆದೆ, ಈಗ ಅಮೆರಿಕದ ಲೆಕ್ಕದಲ್ಲಿ ನಾನು ಮಿಸ್ಟರ್ ನಮ್ಮೂರು. ಓಲೆಗೂ ಅದೇ ಆಗಿದೆ. ಯಾವನೋ ಕ್ಲರ್ಕು ಸರ್‌ನೇಮ್ ಕೇಳಿದಾನೆ, ಇವನು ಜಮೀನಿನ ಹೆಸರು ಹೇಳಿದಾನೆ, ಅದೇ ಇವತ್ತಿಗೆ ನನ್ನ ಮಗಳ ಪಾಸ್‌ಪೋರ್ಟ್‌ವರೆಗೆ ಬಂದಿದೆ.

ಆಚೆ ಬಂದು ಕ್ಯಾಪಿಟಲ್ ಅಂಗಳದಲ್ಲಿ ಕರ್ನಲ್ ಹೆಗ್ ಪ್ರತಿಮೆ ನೋಡಿದ್ವಿ. ಅಮೆರಿಕದ ಸಿವಿಲ್ ವಾರ್‌ನಲ್ಲಿ ನಾರ್ವೇಯವರದೇ ಆದ 15ನೇ ವಿಸ್ಕಾನ್ಸಿನ್ ರೆಜಿಮೆಂಟ್ ನಡೆಸಿ 1863ರಲ್ಲಿ ಚಿಕಮಾಗಾ ಕದನದಲ್ಲಿ ಸತ್ತವನು, ಗುಲಾಮಗಿರಿಗೆ ವಿರೋಧಿ. ಆ ಪ್ರತಿಮೇನೇ 2020ರ ವರ್ಣಭೇದ ವಿರೋಧಿ ಗಲಾಟೇಲಿ ಕೆಡವಿದ್ರು, ಮರುವರ್ಷ ರಿಪೇರಿ ಮಾಡಿ ನಿಲ್ಲಿಸಿದ್ರು.

ಎರಡನೇ ದಿನ: ಕೊಷ್ಕೊನೊಂಗ್, ಸ್ಟೌಟನ್

ಮ್ಯಾಡಿಸನ್ ಇರೋ ಜಿಲ್ಲೆ ಹೆಸರು ಡೇನ್ ಕೌಂಟಿ. ಡೆನ್ಮಾರ್ಕಿಗೂ ಅದಕ್ಕೂ ಸಂಬಂಧ ಇಲ್ಲ, ಯಾವನೋ ಡೇನ್ ಅನ್ನೋ ವಕೀಲನ ಹೆಸರು, ಆದ್ರೆ ನಾರ್ವೇ ಮೂಲದವರು ಮಾತ್ರ ಬೇಕಾದಷ್ಟು. ಆಗ್ನೇಯಕ್ಕೆ ಕೊಷ್ಕೊನೊಂಗ್ ಅಂತ ಸೀಮೆ, 1840ರಿಂದ ಅವರು ಬಂದು ಕೂತಿದ್ದು. 1844ರಲ್ಲಿ ಮೊದಲನೇ ಪಾದ್ರಿ ಬಂದಾಗ ಚರ್ಚ್ ಇರಲಿಲ್ಲ, ಓಕ್ ಮರದ ಕೆಳಗೇ ಪೂಜೆ. ರಸ್ತೆ ಎರಡೂ ಕಡೆ ಜೋಳ, ಜೂನ್ ಆದ್ರಿಂದ ಮೊಣಕಾಲುದ್ದ, ಮಧ್ಯೆ ಮಧ್ಯೆ ಕೆಂಪು ಕೊಟ್ಟಿಗೆಗಳು. ಒಂದು ತಿರುವಲ್ಲಿ ನಾನು ನಿಲ್ಸಪ್ಪಾ ನಿಲ್ಸು ಅಂತ ಕೂಗಿಬಿಟ್ಟೆ. ಉದ್ದಕ್ಕೆ ಒಂದು ಹಳೇ ಶೆಡ್ಡು, ಗೋಡೆ ಹಲಗೆಗಳು ಒಂದು ಬಿಟ್ಟು ಒಂದು ಕದದ ಥರ ಆಚೆ ತೆರೆಯೋ ಹಂಗಿವೆ. ಹೊಗೆಸೊಪ್ಪಿನ ಶೆಡ್ಡು! ನಾರ್ವೇಯಲ್ಲಿ ಹೊಗೆಸೊಪ್ಪು ಬೆಳೆದೇ ಗೊತ್ತಿಲ್ಲದ ಜನ ಇಲ್ಲಿ ಬಂದು ತಂಬಾಕು ಬೆಳೆಗಾರರಾದ್ರಂತೆ, ಪಕ್ಕದ ಎಜರ್ಟನ್ ಊರೇ ತಂಬಾಕಿನ ಊರು. ಹುಣಸೂರು, ಪಿರಿಯಾಪಟ್ಟಣ ಕಡೆ ಹೊಗೆಸೊಪ್ಪು ಬೇಯಿಸೋ ಬ್ಯಾರನ್‌ಗಳ ಮಧ್ಯೆ ಸರ್ವೀಸ್ ಮಾಡಿದ ನನಗೆ ಊರಿನ ವಾಸನೆ ಬಂದಂಗಾಯ್ತು. ವಾಸನೆ ಬರಲಿಲ್ಲ ಅನ್ನಿ, ಶೆಡ್ ಖಾಲಿ. ನಮ್ಮಲ್ಲಿ ಸೌದೆ ಒಟ್ಟಿ ಕಾವು ಕೊಟ್ಟು ಬೇಯಿಸ್ತೀವಿ, ಇವರು ಹಲಗೆ ತೆರೆದು ಬರೀ ಗಾಳಿಗೆ ಒಣಗಿಸ್ತಿದ್ರು. ಇವರಿಗೆ ಸೌದೆ ಖರ್ಚಿಲ್ಲ, ಅಷ್ಟು ಮರಾನೂ ಉಳೀತು.

ಚರ್ಚಿನ ಹಳೇ ರಿಜಿಸ್ಟರು ಮೈಕ್ರೋಫಿಲಂನಲ್ಲಿ ಹಿಂದಿನ ದಿನವೇ ನೋಡಿದ್ವಿ. ಇದು ಮುಖ್ಯ, ಹುಡುಕೋರು ಗಮನಿಸಿ: ಅಮೆರಿಕದ ಜನಗಣತಿಲಿ ಹುಟ್ಟಿದ ಜಾಗ ಅಂದ್ರೆ ನಾರ್ವೇ ಅಂತ ಒಂದೇ ಪದ, 1900ರ ಗಣತಿಲಿ ಬಂದ ವರ್ಷ ಸಿಗುತ್ತೆ, 1890ರದ್ದು ಬೆಂಕಿಗೆ ಹೋಗಿದೆ. ಆದ್ರೆ ಲುಥೆರನ್ ಪಾದ್ರಿಗಳು ನಾರ್ವೇ ಭಾಷೇಲೇ ಬರೀತಿದ್ರು, ಊರಿನವರಿಗೆ ಊರಿನ ಹೆಸರು ಬೇಕಲ್ಲ, ಎಲ್ಲಿ ಹುಟ್ಟಿದ್ದು ಅಂತ ಹೋಬಳಿ ಸಮೇತ ಇರುತ್ತೆ. ಓಲೆ ಮುಂದೆ "ವಿಕ್, ಸೋಗ್ನ್" ಅಂತಿತ್ತು, ಅಂದ್ರೆ ಸೋಗ್ನ್ ಸೀಮೆಯ ವಿಕ್ ಊರು. ಇವತ್ತು ಬಂದಿದ್ದು ಸಮಾಧಿ ನೋಡೋಕೆ. ಕಲ್ಲಿನ ಮೇಲೆ ಪಾಚಿ, ಮುತ್ತಾತನ ಅಪ್ಪನ ಹೆಸರು ಲಾರ್ಸ್ ಅಂತಿತ್ತು. ಮೊದಲನೇ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೇ ಮಗನಿಗೆ ತಾಯಿಯ ಅಪ್ಪನ ಹೆಸರು ಇಡೋದು ಅವರ ಪದ್ಧತಿಯಂತೆ, ನಮ್ಮ ಮನೆಯವಳು "ಇದನ್ನ ಹೇಳೋಕೆ ಅಮೆರಿಕಕ್ಕೆ ಬರಬೇಕಿತ್ತಾ" ಅಂದ್ಲು.

ಪೆಟ್ಟಿಗೆ ಎಲ್‌ಗೂ ಕಲ್ಲಿನ ಲಾರ್ಸ್‌ಗೂ ತಾಳೆ ಆದ ಖುಷೀಲಿ ಹುಲ್ಲಲ್ಲೇ ಕೂತು ಚಿತ್ರಾನ್ನ ತಿಂದ್ವಿ, ತಪ್ಪು ಮಾಡಿದ್ವಿ. ಕಾರಲ್ಲಿ ಕೂತ ಮೇಲೆ ಕಾಲ್ಚೀಲದ ಮೇಲೆ ಉಣ್ಣಿ! ನನಗೆ ಎರಡು, ಅಳಿಯನಿಗೆ ಮೂರು. ದನದ ಉಣ್ಣಿ ಅಂದ್ಕೊಂಡು ನಾನು ಕಿತ್ತು ಬಿಸಾಕೋನು, ಅವನು ಹೌಹಾರಿದ, ಅಲ್ಲಿ ಜಿಂಕೆ ಉಣ್ಣಿಯಿಂದ ಲೈಮ್ ಅಂತ ಕಾಯಿಲೆ ಬರುತ್ತೆ, ಚಿಮಟಾದಲ್ಲಿ ತಲೆ ಸಮೇತ ಹಿಡಿದು ನಿಧಾನಕ್ಕೆ ಎಳೀಬೇಕಂತೆ. ಬೇಸಿಗೇಲಿ ಸ್ಮಶಾನ ಸುತ್ತೋರು ಪ್ಯಾಂಟನ್ನ ಕಾಲ್ಚೀಲದೊಳಗೆ ಸೇರಿಸ್ಕೊಳ್ಳಿ, ನೋಡೋರು ನಗಲಿ.

ಸಂಜೆ ಸ್ಟೌಟನ್‌ನಲ್ಲಿ ಅಳಿಯನ ಅದೇ ಸೋದರತ್ತೆ ಮನೆ. ಲೆಫ್ಸೆ ಮಾಡಿದ್ರು. ಬೇಯಿಸಿದ ಆಲೂಗಡ್ಡೆ, ಬೆಣ್ಣೆ, ಮೈದಾ ಕಲಸಿ, ಗೀರು ಗೀರು ಲಟ್ಟಣಿಗೇಲಿ ಪೇಪರ್ ಥರ ಲಟ್ಟಿಸಿ, ಚಪ್ಪಟೆ ಉದ್ದ ಕೋಲಲ್ಲಿ ಎತ್ತಿ ದೊಡ್ಡ ಕಾವಲಿ ಮೇಲೆ ಹರಡ್ತಾರೆ. ನಮ್ಮೋಳಿಗೆ ತಡೆಯೋಕಾಗಲಿಲ್ಲ, ಕೈ ತೊಳ್ಕೊಂಡು ನಿಂತೇ ಬಿಟ್ಲು, ಒಬ್ಬಟ್ಟು ತಟ್ಟಿದ ಕೈ, ಕೋಲು ಗೀಲು ಬೇಡ ಅಂತ ಬರೀ ಕೈಲೇ ಎತ್ತಿ ಹಾಕಿದ್ಲು, ಆಯಮ್ಮ ಉಫ್ ಡಾ ಉಫ್ ಡಾ. ಬೆಣ್ಣೆ ಸಕ್ಕರೆ ಸವರಿ ಸುತ್ತಿ ತಿನ್ನೋದು. ಪೆಟ್ಟಿಗೆ ಕದ್ದ ಮಾಲಲ್ಲ ಅಂತ ಹೇಳಿದ್ದಕ್ಕೆ ಅವರಿಗೆ ಖುಷಿಗಿಂತ ನಿರಾಸೆನೇ ಜಾಸ್ತಿ ಆದಂಗಿತ್ತು.

ಮೂರು, ನಾಲ್ಕನೇ ದಿನ: ಬರ್ಗನ್

ವಿಮಾನದ ವಿಷಯ ಬೇಡ, ಮೂರು ವಿಮಾನ, ಒಂದು ಸೂಟ್‌ಕೇಸ್ ಒಂದು ದಿನ ಲೇಟು, ಅಷ್ಟೇ. (ಹೋಗೋರಿಗೆ ಒಂದು ಮಾತು, ನಮ್ಮ ಪಾಸ್‌ಪೋರ್ಟ್‌ನವರಿಗೆ ಯುರೋಪಿನ ಷೆಂಗೆನ್ ವೀಸಾ ಬೇಕು, ನಾವು ಬೆಂಗಳೂರಿಂದಲೇ ಮಾಡಿಸ್ಕೊಂಡು ಹೊರಟಿದ್ವಿ.) ನಾರ್ವೇ ಪಶ್ಚಿಮ ಕರಾವಳಿಯ ಬರ್ಗನ್‌ನಲ್ಲಿ ಮಳೆ. ನಾವು ಆಗುಂಬೆ ಮಳೆ ನೋಡಿದೋರು ಅಂತ ಜಂಬ ಕೊಚ್ಕೊಂಡೆ, ಆದ್ರೆ ಆಗುಂಬೆ ಮಳೆ ಸುರಿದು ಮುಗಿಸುತ್ತೆ, ಇದು ಜರಡಿ ಹಿಡಿದಂಗೆ ಸಣ್ಣಗೆ, ವರ್ಷದಲ್ಲಿ ಇನ್ನೂರು ದಿನದ ಮೇಲೆ ಹಿಂಗೇ ಇರುತ್ತಂತೆ. ಕೊಡೆ ಎರಡು ಬೀದಿ ದಾಟೋದ್ರಲ್ಲಿ ಗಾಳಿಗೆ ಮಗುಚಿ ಕಡ್ಡಿ ಮುರೀತು, ಅಲ್ಲಿನ ಜನ ಯಾರೂ ಕೊಡೆ ಹಿಡಿಯಲ್ಲ, ಎಲ್ಲಾ ರೈನ್‌ಕೋಟು. ರಾತ್ರಿ ಹನ್ನೊಂದಾದ್ರೂ ಬೆಳಕು, ನಮ್ಮೋಳು ಊಟ ಆಗಿದೆಯೋ ಇಲ್ವೋ ಅನ್ನೋದೇ ಮರೆತುಹೋಗುತ್ತೆ ಅಂತ ಗೊಣಗಿದ್ಲು. ಅವಳಿಗೆ ಮೊಟ್ಟೆನೂ ಆಗಲ್ಲ, ಊರೆಲ್ಲ ಮೀನು. ಕಾಪಾಡಿದ್ದು ಕಂದು ಚೀಸು, ಬ್ರೂನೋಸ್ಟ್ ಅಂತಾರೆ, ತೆಳ್ಳಗೆ ಹೆರೆದು ಬ್ರೆಡ್ ಮೇಲೆ ಹಾಕ್ಕೊಳ್ಳೋದು, ಹೆಸರು ಚೀಸು ಅಷ್ಟೇ, ಬಾಯಿಗಿಟ್ರೆ ಧಾರವಾಡ ಪೇಡಾಗೆ ಚೂರು ಉಪ್ಪು ಬಿದ್ದಂಗೆ.

ಐದನೇ ದಿನ: ಆರ್ಕೈವ್

ಬರ್ಗನ್‌ನ ಸರ್ಕಾರಿ ಆರ್ಕೈವ್‌ಗೆ ನಾನು ಷರಟು ಇಸ್ತ್ರಿ ಮಾಡ್ಕೊಂಡು ಹೋದೆ. ರೆಕಾರ್ಡ್ ರೂಮಿಗೆ ಹಂಗೆಲ್ಲ ಹೋಗೋಕಾಗಲ್ಲ ನೋಡಿ. ಅಲ್ಲಿ ಕೌಂಟರ್‌ನಲ್ಲಿದ್ದ ಹುಡುಗಿ ನಾವು ಎಲ್ಲಿಂದ ಬಂದ್ವಿ ಅಂತ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ನಯವಾಗಿ ಹೇಳಿದ್ಲು: ನಿಮಗೆ ಬೇಕಾದ್ದೆಲ್ಲ ಡಿಜಿಟಾಲ್‌ಆರ್ಕಿವೆ ಅನ್ನೋ ವೆಬ್‌ಸೈಟಲ್ಲಿದೆ, ಚರ್ಚ್ ಬುಕ್ಕು, ಗಣತಿ ಎಲ್ಲ ಸ್ಕ್ಯಾನ್ ಆಗಿದೆ, ಲಾಗಿನ್ ಬೇಡ, ದುಡ್ಡು ಬೇಡ. ಅಳಿಯ ನನ್ನ ಮುಖ ನೋಡಿದ, ನಾನು ಕಿಟಕಿ ನೋಡಿದೆ. ಆದ್ರೂ ಪಾಪ ಅವಳೇ ಕಂಪ್ಯೂಟರ್ ಮುಂದೆ ಕೂರಿಸಿ ಅರ್ಧ ದಿನ ಸಹಾಯ ಮಾಡಿದ್ಲು, ಆ ಅಕ್ಷರ ಓದೋದನ್ನ ವೆಬ್‌ಸೈಟ್ ಕಲಿಸಲ್ಲವಲ್ಲ.

ಮೊದಲು ಬರೀ ಸೊನ್ನೆ. ಬರ್ಗನ್ ಪೊಲೀಸ್ನೋರು ದೇಶ ಬಿಡೋರ ಹೆಸರು ಬರ್ಕೊಳ್ಳೋಕೆ ಶುರು ಮಾಡಿದ್ದು 1874ರಲ್ಲಿ, ಓಲೆ ಹೋಗಿದ್ದು 1861. ಆಗೆಲ್ಲ ಹಾಯಿ ಹಡಗು ನ್ಯೂಯಾರ್ಕಿಗೆ ಹೋಗ್ತಿರಲಿಲ್ಲ, ಬಹುಪಾಲು ಕೆನಡಾದ ಕ್ವಿಬೆಕ್‌ಗೆ, ಅಲ್ಲಿನ ಪ್ರಯಾಣಿಕರ ಪಟ್ಟಿ ಉಳಿದಿರೋದು 1865ರಿಂದ. ಹೊರಟ ಕಡೆ ಫೈಲಿಲ್ಲ, ಇಳಿದ ಕಡೆ ಫೈಲಿಲ್ಲ, ಅಮೆರಿಕದ ಬಂದರಲ್ಲಿ ಇಳೀಲೇ ಇಲ್ಲ. ಇನ್ನುಳಿದಿದ್ದು ವಿಕ್ ಊರಿನ ಪಾದ್ರಿ ಪುಸ್ತಕ. ಆ ಪುಸ್ತಕದಲ್ಲಿ ಹುಟ್ಟು, ಸಾವು, ಮದುವೆ ಮಾತ್ರ ಅಲ್ಲ, ಊರು ಬಿಟ್ಟೋರ ಕಾಲಂ ಬೇರೆ ಇರುತ್ತೆ. ಅಕ್ಷರ ಗೋಥಿಕ್, ಎನ್ನು ಇ ಆರ್ ಎಲ್ಲಾ ಒಂದೇ ಥರ ಗೀಚು, ಯು ಮೇಲೆ ಮಾತ್ರ ಒಂದು ಸಣ್ಣ ಕೊಂಕು. ಎರಡು ಗಂಟೆ ನೋಡಿದ ಮೇಲೆ ಕಣ್ಣಿಗೆ ಹಿಡೀತು, ಭಾಷೆ ಬರಲ್ಲ ಆದ್ರೆ ಬರೆದವನ ಕೈ ಗೊತ್ತಾಗೋಕೆ ಶುರುವಾಯ್ತು, ಇಲ್ಲಿ ನಿಬ್ ಬದಲಾಯ್ಸಿದಾನೆ, ಇಲ್ಲಿ ಬೇಜಾರಾಗಿ ಬೇಗ ಬೇಗ ಬರೆದಿದಾನೆ. ಓಲೆ ಅಪ್ಪ ಲಾರ್ಸನ ಬ್ಯಾಪ್ಟಿಸಂ ಹುಡುಕಿದ್ರೆ ತಾರೀಕೇ ಇಲ್ಲ, ಟ್ರಿನಿಟಿ ಹಬ್ಬದ ಆಮೇಲಿನ ಏಳನೇ ಭಾನುವಾರ ಅಂತಿದೆ! ಟ್ರಿನಿಟಿಗೆ ಈಸ್ಟರೇ ಲೆಕ್ಕ, ಈಸ್ಟರ್ ಚಂದ್ರನ ಲೆಕ್ಕದ ಮೇಲೆ ಓಡಾಡೋ ಹಬ್ಬ, ಅದರಿಂದ ಎಣಿಸಿ ತಾರೀಕು ಹೊಂದಿಸಬೇಕು. ಸಂವತ್ಸರ, ಮಾಸ, ತಿಥಿ ಬರೆದ ಶಾನುಭೋಗರ ಲೆಕ್ಕಕ್ಕೆ ಪಂಚಾಂಗ ತೆಗೀತಿದ್ನಲ್ಲ ನಾನು, ಇಲ್ಲೂ ಅದೇ ಪಾಡು.

ಮೂರು ಗಂಟೆಗೆ ಸಿಕ್ಕ. ಮೊದಲು 1854ರ ಕನ್ಫರ್ಮೇಷನ್ (ಹರೆಯದ ಮಕ್ಕಳನ್ನ ಚರ್ಚಿಗೆ ಪೂರ್ತಿ ಸೇರಿಸ್ಕೊಳ್ಳೋ ಶಾಸ್ತ್ರ) ಪಟ್ಟೀಲಿ, ಸಿಡುಬಿನ ದಾಕು ಹಾಕಿಸಿದ ತಾರೀಕು ಸಮೇತ (ದಾಕು ಇಲ್ದೆ ಕನ್ಫರ್ಮೇಷನ್ ಇಲ್ಲ ಅಂತ 1810ರಿಂದಲೇ ರೂಲು). ಆಮೇಲೆ 1861ರ ಊರು ಬಿಟ್ಟೋರ ಪಟ್ಟಿ. ಓಲೆ ಲಾರ್ಸೆನ್, ವಯಸ್ಸು 22, ಕೆಳಗೆ ಜಮೀನಿನ ಹೆಸರು, ಅದೇ ನಮ್ಮ ಅಳಿಯನ ಸರ್‌ನೇಮು. ಹೋಗೋ ಊರು: ಅಮೆರಿಕ. ಅವತ್ತಿನ ಪುಟದಲ್ಲಿ ಹದಿನೇಳು ಹೆಸರು, ಹದಿನಾಲ್ಕರ ಮುಂದೆ ಅದೇ ಪದ, ಪಾದ್ರಿ ಐದನೇ ಸಾಲಿಂದ ಬರೆಯೋಕೂ ಬೇಜಾರಾಗಿ ಡಿಟ್ಟೋ ಹಾಕಿದಾನೆ. ಓಲೆ ಹೆಸರಿನ ಪಕ್ಕ ಇನ್ನೊಂದು ಪದ ಇತ್ತು, ಅಳಿಯ ಏನದು ಅಂತ ಕೇಳಿದ. ಆ ಹುಡುಗಿ ಹೇಳಿದ್ಲು: ಹುಸ್‌ಮನ್ ಮಗ.

ಹುಸ್‌ಮನ್ ಅಂದ್ರೆ ಜಮೀನ್ದಾರನಲ್ಲ. ಒಡೆಯನ ಜಮೀನಿನ ಅಂಚಲ್ಲಿ ಒಂದು ಗುಡಿಸಲು, ಒಂದು ತುಂಡು ನೆಲ, ಅದಕ್ಕೆ ಬದಲಾಗಿ ಒಡೆಯನ ಹೊಲದಲ್ಲಿ ಇಂತಿಷ್ಟು ದಿನ ದುಡಿಮೆ. 1865ರ ಗಣತೀಲಿ ಅಪ್ಪ ಲಾರ್ಸನ ಮನೆ ನೋಡಿದ್ವಿ. ಆ ಗಣತೀಲಿ ದನಕರು, ಬಿತ್ತನೆ ಲೆಕ್ಕ ಕೂಡ ಇದೆ, ನಮ್ಮ ಪಹಣಿ ಕಾಲಂಗಳ ಥರ. ಹಸು 1, ಕುರಿ 5, ಬಾರ್ಲಿ ಕಾಲು ಪೀಪಾಯಿ, ಆಲೂಗಡ್ಡೆ 2 ಪೀಪಾಯಿ. ಮನೇಲಿ ಏಳು ಜನ. 1801ರಲ್ಲಿ 9 ಲಕ್ಷ ಮುಟ್ಟದಿದ್ದ ದೇಶದ ಜನ 1865ಕ್ಕೆ 17 ಲಕ್ಷ, ದಾಕು ಬಂತು, ಆಲೂಗಡ್ಡೆ ಬಂತು, ಮಕ್ಕಳು ಉಳಿದ್ರು, ನೆಲ ಮಾತ್ರ ಅಷ್ಟೇ ಇತ್ತು. ಅಳಿಯನ ತಾತನ ಮನೆ ಹಾಲಲ್ಲಿ "ನಮ್ಮ ನಾರ್ವೇ ಎಸ್ಟೇಟ್" ಅಂತ ಒಂದು ಬಿಳೀ ಮಹಡಿ ಮನೆ ಫೋಟೋ ಫ್ರೇಮ್ ಹಾಕಿ ತೂಗುಹಾಕಿದಾರೆ. ಅವನು ಆವತ್ತು ರಾತ್ರಿ ಊಟಕ್ಕೆ ಹೆಚ್ಚು ಮಾತಾಡಲಿಲ್ಲ.

ಆರನೇ ದಿನ: ವಿಕ್‌ಗೆ ಘಾಟ್ ಹತ್ತಿ

ಬಾಡಿಗೆಗೆ ಕೊಟ್ಟಿದ್ದು ಎಲೆಕ್ಟ್ರಿಕ್ ಕಾರು. ವೊಸ್‌ವರೆಗೆ ಸುರಂಗ ಆದ್ಮೇಲೆ ಸುರಂಗ, ವೊಸ್ ದಾಟಿ ಟ್ವಿಂಡೆ ಜಲಪಾತ ರಸ್ತೆ ಪಕ್ಕದಲ್ಲೇ, ಇಳಿದು ನೋಡಿ ಚಾರ್ಜ್ ಹಾಕೋಣ ಅಂತ ಹುಡುಕಿದ್ರೆ ಒಂದು ಕಡೆ ಆ್ಯಪ್ ಬೇಕು, ಆ್ಯಪ್‌ಗೆ ಲೋಕಲ್ ನಂಬರ್ ಬೇಕು. ಪಕ್ಕದ ಕಾರಿನವನು ಏನೂ ಕೇಳದೆ ತನ್ನ ಕಾರ್ಡ್ ತೋರಿಸಿ ಆನ್ ಮಾಡಿಕೊಟ್ಟು ದುಡ್ಡು ತಗೊಳ್ಳದೆ ಹೋಗಿಬಿಟ್ಟ. ಹಂಗಾಗಿ ಸಲಹೆ ಏನು ಅಂದ್ರೆ ಹೋಟೆಲಲ್ಲೇ ರಾತ್ರಿ ಫುಲ್ ಮಾಡ್ಕೊಳ್ಳಿ, ಎಲ್ಲರಿಗೂ ಅವನು ಸಿಗಲ್ಲ.

ಅಲ್ಲಿಂದ 13ನೇ ನಂಬರ್ ರಸ್ತೆ ವಿಕಾಫ್ಯೆಲ್ ಬೆಟ್ಟ ಹತ್ತುತ್ತೆ. ಜೂನ್ 23, ಆದ್ರೂ ಮೇಲೆ ಹಿಮದ ರಾಶಿ, ಕೆರೆ ಅರ್ಧ ಹೆಪ್ಪುಗಟ್ಟಿತ್ತು, ಜನ ಇಲ್ಲ ಮರ ಇಲ್ಲ. ಒಂದು ಸುರಂಗದೊಳಗೆ ಕುರಿ ಮಲಗಿವೆ, ಹಾರ್ನ್ ಹೊಡೆದ್ರೆ ಕಣ್ಣು ಬಿಟ್ಟು ನೋಡಿ ಮತ್ತೆ ಮೆಲುಕು ಹಾಕ್ತವೆ. ನಾನೇ ಇಳಿದು ಹೊಯ್ ಹೊಯ್ ಅಂತ ಓಡಿಸಿದೆ, ಕನ್ನಡ ಅರ್ಥ ಆಯ್ತು. ಆಮೇಲೆ ಇಳಿಜಾರು, ಹೇರ್‌ಪಿನ್ ತಿರುವುಗಳು, ಕೆಳಗೆ ತಳಾನೇ ಕಾಣದಂಗೆ ಸೋಗ್ನೆಫ್ಯೋರ್ಡ್ (ಬೆಟ್ಟಗಳ ಮಧ್ಯೆ ಒಳಗೆ ನುಗ್ಗಿದ ಸಮುದ್ರದ ಕವಲು) ನೀರು. 1300 ಮೀಟರ್ ಆಳ ಇದೆಯಂತೆ ಅದು. ನೀರಿನ ಪಕ್ಕ ಒಂಚೂರು ಹಸಿರು ಪಟ್ಟಿ, ಅದೇ ವಿಕ್. ಬೆಟ್ಟದ ಮೇಲಿಂದ ಆ ಪಟ್ಟಿ ನೋಡಿದ್ರೆ ಜನ ಯಾಕೆ ಹೋದ್ರು ಅಂತ ಯಾರೂ ಕೇಳಲ್ಲ.

ಊರ ಮೇಲೆ ಹೊಪ್ಪರ್‌ಸ್ಟಾಡ್ ಮರದ ಚರ್ಚು, ಸುಮಾರು 1130ರದ್ದು, ಬಿಟ್ಟಿದ್ರೆ ಬಿದ್ದೇ ಹೋಗ್ತಿತ್ತು, 1880ರ ದಶಕದಲ್ಲಿ ಪೀಟರ್ ಬ್ಲಿಕ್ಸ್ ಅನ್ನೋ ಆರ್ಕಿಟೆಕ್ಟ್ ಕೂತು ದುರಸ್ತಿ ಮಾಡಿದ್ದು. ಮೀನಿನ ಪೊರೆ ಥರ ಮರದ ಹಂಚು, ತುದೀಲಿ ಡ್ರ್ಯಾಗನ್ ತಲೆ, ಹತ್ರ ಹೋದ್ರೆ ಗಾಡಿ ಕೀಲೆಣ್ಣೆ ವಾಸನೆ, ಪೈನ್ ಮರದ ಟಾರು ಬಳೀತಾರಂತೆ.

ಅವತ್ತು ಅಲ್ಲಿ ಸಂತ ಹಾನ್ಸನ ರಾತ್ರಿ, ನೀರಿನ ದಡದಲ್ಲಿ ಕಾಮನ ಹಬ್ಬದ ಥರ ದೊಡ್ಡ ಬೆಂಕಿ. ಎಲ್ಲರೂ ಸಾಸೇಜ್ ಸುಡ್ತಿದ್ರು, ಅದನ್ನ ಸುತ್ತೋಕೆ ಇರೋ ಆಲೂಗಡ್ಡೆ ರೊಟ್ಟಿ, ಲೊಂಪೆ ಅಂತ, ಅದನ್ನ ಬರೀದೇ ಈಸ್ಕೊಂಡು ನಮ್ಮೋಳು ಉಪ್ಪಿನಕಾಯಿ ಹಚ್ಕೊಂಡು ನಾಲ್ಕು ತಿಂದ್ಲು. ಪಕ್ಕದಲ್ಲಿ ಕೂತಿದ್ದ ರಿಟೈರ್ಡ್ ಮೇಡಂ ಒಬ್ರು ನಮ್ಮ ಕಥೆ ಕೇಳಿ, ಮೊದಲು ಉಚ್ಚಾರಣೆ ತಿದ್ದಿದ್ರು. ಓಲೆ ಅಲ್ಲ, ಊಲೆ. ಅಳಿಯನ ಮನೇಲಿ ಓಲಿ ಅಂತಾರೆ, ನಾನು ಓಲೆ, ಪಾಪ ಆ ಮನುಷ್ಯ ಮಾತ್ರ ಊಲೆ. ಕನ್ನಡದಲ್ಲಿ ಓಲೆ ಅಂದ್ರೆ ಕಾಗದ, ಪತ್ರ ಅಂತ ನಾನು ಹೇಳಿದ್ದಕ್ಕೆ ಆಯಮ್ಮ ಸ್ವಲ್ಪ ಹೊತ್ತು ಬೆಂಕಿ ನೋಡ್ತಾ ಇದ್ದು, ನಮ್ಮಲ್ಲೂ ಹೋದೋರೆಲ್ಲ ಆಮೇಲೆ ಕಾಗದ ಮಾತ್ರ ಆದ್ರು ಅಂದ್ರು. ಅಮೆರಿಕದಿಂದ ಒಂದು ಕಾಗದ ಬಂದ್ರೆ ಮನೆಯಿಂದ ಮನೆಗೆ ಒಯ್ದು ಗಟ್ಟಿಯಾಗಿ ಓದ್ತಿದ್ರಂತೆ, ಅದನ್ನ ಕೇಳಿ ಇನ್ನೊಬ್ಬ ಹೊರಡೋನು.

ಏಳನೇ ದಿನ: ಎರಡು ನಂಬರು

ಜಿಪಿಎಸ್‌ನಲ್ಲಿ ಸರ್‌ನೇಮ್ ಹೊಡೆದು ಹೊರಟ್ವಿ, ಒಂದು ಫಾರ್ಮ್ ಮುಂದೆ ನಿಲ್ಲಿಸ್ತು. ಅಜ್ಜ ಒಬ್ರು ಕಾಫಿ ಕೊಟ್ರು, ಅಳಿಯ ಅಂಗಳದಲ್ಲಿ ನಿಂತು ಫೋಟೋ ಹಿಡಿದು, ನೆಲ ಮುಟ್ಟಿ, ಕಣ್ಣಲ್ಲಿ ನೀರು. ನನಗೆ ಮಾತ್ರ ಯಾಕೋ ಕಸಿವಿಸಿ. ಆ ಮನೆ ಫೋಟೋದಲ್ಲಿರೋ ಬಿಳೀ ಮನೆ ಥರ ಇಲ್ಲ, ಹಿಂದಿನ ಬೆಟ್ಟದ ಸಾಲೂ ತಾಳೆ ಆಗಲ್ಲ. ಪಕ್ಕಾ ರೆವಿನ್ಯೂ ಬುದ್ಧಿ, ಇದರ ನಂಬರ್ ಎಷ್ಟು ಅಂತ ಕೇಳಿದೆ. ಅಲ್ಲಿ ಪ್ರತಿ ಜಮೀನಿಗೂ ಗಾರ್ಡ್ಸ್ ನಂಬರು, ಬ್ರೂಕ್ಸ್ ನಂಬರು ಅಂತ ಎರಡಿರುತ್ತೆ. ಅಪ್ಪಟ ನಮ್ಮ ಸರ್ವೆ ನಂಬರು, ಹಿಸ್ಸಾ ನಂಬರು! ಆದ್ರೆ ಈ ನಂಬರ್ ಬಂದಿದ್ದು 1886ರ ಭೂ ದಾಖಲೇಲಿ, ನಮ್ಮ ಹತ್ರ ಇರೋದು 1865ರ ಗಣತಿಯ ಹಳೇ ನಂಬರು. ಹಳೇ ಸರ್ವೆ ನಂಬರ್ ಹಿಡ್ಕೊಂಡು ಹೊಸ ಪಹಣಿ ಹುಡುಕಿ ಇಡೀ ಊರು ಜಗಳ ಆಡಿದ್ದನ್ನ ನಾನೆಷ್ಟು ನೋಡಿಲ್ಲ. 1886ರ ಪುಸ್ತಕದಲ್ಲಿ ಹಳೇದು ಹೊಸದು ಎರಡೂ ಅಕ್ಕಪಕ್ಕ ಇರುತ್ತೆ, ಅದೂ ನೆಟ್‌ನಲ್ಲಿದೆ. ಆ ಅಜ್ಜನ ಅಡುಗೆಮನೆ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಹುಡುಕಿದ್ವಿ. ಅದೇ ಹೆಸರಿನ ಇನ್ನೊಂದು ಜಮೀನು ಕಣಿವೆ ಆಚೆ ಕಡೆ. ಅಜ್ಜ ನಕ್ಕು ಹೇಳಿದ್ದು, ಹೋದ ವರ್ಷಾನೂ ಒಬ್ಬ ಅಮೆರಿಕದವನು ಬಂದು ಅತ್ತು ಹೋದ, ಅವನದ್ದೂ ಆ ಕಡೇದೇ ಇರಬೇಕು.

ಆ ಕಡೆ ಸರಿಯಾದ ಜಾಗ. ಬಿಳೀ ಮನೆ, ಫೋಟೋದಲ್ಲಿದ್ದದ್ದೇ. ಮನೆಯೊಡತಿ ಕುರಿ ಸಾಕ್ತಾರೆ, ಐವತ್ತರ ಮೇಲೆ ವಯಸ್ಸು, ಊರಿನ ಪ್ರತಿ ಜಮೀನಿನ ಚರಿತ್ರೆ ಇರೋ ದಪ್ಪ ಪುಸ್ತಕ ತೆಗೆದು (ಬಿಗ್ಡೆಬೂಕ್ ಅಂತಾರೆ, ಹಳ್ಳಿ ಲೈಬ್ರರೀಲೂ ಸಿಗುತ್ತೆ, ಹೋಗೋಕೆ ಮುಂಚೆ ನೋಡಿ) ಬೆರಳಿಟ್ಟು ತೋರಿಸಿದ್ರು, ಒಡೆಯರ ವಂಶಕ್ಕೆ ಆರು ಪುಟ, ಹುಸ್‌ಮನ್ ಲಾರ್ಸ್‌ಗೆ ಎರಡು ಸಾಲು. ಎರಡನೇ ಸಾಲಿನ ಕೊನೇಲಿ ಒಬ್ಬ ಮಗ ಅಮೆರಿಕಕ್ಕೆ ಅಂತ ಇತ್ತು.

ಮೇಲೆ ಹತ್ತಿಸ್ಕೊಂಡು ಹೋದ್ರು. ಅರ್ಧ ಗಂಟೆ ಏರು, ನನ್ನ ಮೊಣಕಾಲು ಎರಡು ಸಲ ಮುಷ್ಕರ ಹೂಡ್ತು. ಮರಗಳ ಮಧ್ಯೆ ನಾಲ್ಕು ಸಾಲು ಪಾಯದ ಕಲ್ಲು, ಒಂದು ಮೂಲೇಲಿ ಒಲೆ ಕಲ್ಲು ಕಪ್ಪಗೆ, ಗೋಡೆ ಇದ್ದ ಕಡೆ ಬರ್ಚ್ ಮರ ಎದ್ದಿದೆ. ಪಕ್ಕದಲ್ಲಿ ಕರಂಟ್ ಅಂತ ಹುಳಿ ಹಣ್ಣಿನ ಗಿಡಗಳು, ಕಾಡು ಗಿಡ ಅಲ್ಲ ಇವು, ಯಾರೋ ನೆಟ್ಟಿದ್ದು ಅಂದ್ರು. ನಮ್ಮೋಳು ಹೆಜ್ಜೆ ಹಾಕಿ ಅಳೆದ್ಲು, ಉದ್ದ ಹದಿನಾಲ್ಕು ಅಡಿ, ಅಗಲ ಹನ್ನೊಂದು. "ಏಳು ಜನ ಹೆಂಗೆ ಮಲಗ್ತಿದ್ರು" ಅಂತ ಅಲ್ಲೇ ಕಲ್ಲಿನ ಮೇಲೆ ಕೂತ್ಲು. 1974ರ ಭೂ ಸುಧಾರಣೆ ಆದ್ಮೇಲೆ ಫಾರಂ 7 ಅರ್ಜಿ ಹಿಡಿದು ನಮ್ಮ ಆಫೀಸಿಗೆ ಬರ್ತಿದ್ದ ಗೇಣಿದಾರರು ನೆನಪಾದ್ರು. ಯಾರು ನೀವು ಅಂದ್ರೆ "ನಾವು ದೊಡ್ಡಹೊಲದೋರು ಸ್ವಾಮಿ" ಅನ್ನೋರು, ಹೊಲದ ಪಹಣೀಲಿ ಅವರ ಹೆಸರೇ ಇರ್ತಿರಲಿಲ್ಲ. ಅಳಿಯನಿಗೆ ಅದನ್ನ ಹೇಳ್ದೆ. ಅವನು ಕರಂಟ್ ಗಿಡದ ಎಲೆ ಮುಟ್ಟುತ್ತಾ, ಮಾವ, ಹಂಗಾದ್ರೆ ನನ್ನ ಸರ್‌ನೇಮ್ ಆ ಬಿಳೀ ಮನೆಯವರದ್ದು ಅಲ್ವಾ ಅಂದ. ಹೂಂ ಅಂದೆ. ಇನ್ನೇನು ಹೇಳೋದು, ರೆಕಾರ್ಡ್ ಹಂಗಿದೆ.

ಇಳಿಯೋವಾಗ ಒಡತಿಗೆ ನಾನು ಕಂದಾಯ ಇಲಾಖೆಯವನು ಅಂತ ಗೊತ್ತಾಗಿ, ಒಂದು ಬಂಡೆ ಹತ್ರ ನಿಲ್ಲಿಸಿ ಅದರ ಮೇಲೆ ಕೆತ್ತಿದ ಶಿಲುಬೆ ಗುರುತು ತೋರಿಸಿದ್ರು. ಗಡಿ ಕಲ್ಲು. ಪಕ್ಕದ ಜಮೀನಿನವನು ಬೇಲಿನ ಎರಡು ಮೀಟರ್ ಈಚೆ ಹಾಕಿದಾನಂತೆ, ನೀವೇ ನೋಡಿ ಹೇಳಿ ಅಂದ್ರು. ನೋಡ್ದೆ. ಹಾಕಿದಾನೆ.

ಎಂಟನೇ ದಿನ

ಹೊರಡೋವಾಗ ಒಡತಿ ಒಂದು ಪೊಟ್ಟಣ ಕೊಟ್ರು, ಗಾಮಲೋಸ್ಟ್, ವಿಕ್‌ನ ಹೆಸರುವಾಸಿ ಹಳೇ ಚೀಸು. ಬ್ರೂನೋಸ್ಟ್ ನಂಬ್ಕೊಂಡು ಅದೇ ಜಾತಿ ಇರಬೇಕು ಅಂತ ಹ್ಯಾಂಡ್‌ಬ್ಯಾಗಿಗೆ ಹಾಕ್ಕೊಂಡೆ, ಬರ್ಗನ್ ಮುಟ್ಟೋದ್ರೊಳಗೆ ಕಾರಲ್ಲಿ ಕಿಟಕಿ ಮುಚ್ಚೋಕಾಗಲಿಲ್ಲ, ವಿಮಾನದಲ್ಲಿ ಮುಂದಿನ ಸೀಟಿನವನು ತನ್ನ ಶೂ ಎರಡು ಸಲ ಮೂಸಿ ನೋಡ್ಕೊಂಡ. ಮ್ಯಾಡಿಸನ್‌ನಲ್ಲಿ ಮಗಳು ಅದನ್ನ ಗ್ಯಾರೇಜಿನ ಫ್ರಿಜ್‌ಗೆ ಗಡಿಪಾರು ಮಾಡಿದ್ಲು.

ಅಳಿಯ ಬಂದ ರಾತ್ರಿನೇ ಪೆಟ್ಟಿಗೆ ಖಾಲಿ ಮಾಡಿ, ಒಳಗೆಲ್ಲ ಒರೆಸಿ, ಪಾದ್ರಿ ಪುಸ್ತಕದ ಆ ಪುಟ ಪ್ರಿಂಟ್ ತೆಗೆದು ಹಾಕಿ ಮುಚ್ಚಿಟ್ಟ. ಈಗ ಶೂಗಳೆಲ್ಲ ಬಾಗಿಲಲ್ಲೇ ಬಿದ್ದಿವೆ, ಕೂತು ಹಾಕ್ಕೊಳ್ಳೋಕೆ ನನಗೆ ಒಂದು ಪ್ಲಾಸ್ಟಿಕ್ ಸ್ಟೂಲ್ ತಂದಿದಾರೆ, ಅದು ಅಲ್ಲಾಡುತ್ತೆ.